ಲಯನ್ ಹಡಗಿನ ಕ್ಯೂ ಟರೆಟ್: 1916ರ ಒಂದು ಸಂಜೆಯ 28 ನಿಮಿಷ

1916ರ ಮೇ 31. ಡೆನ್ಮಾರ್ಕಿನ ಜಟ್ಲೆಂಡ್ ಕರಾವಳಿಯ ಪಶ್ಚಿಮಕ್ಕೆ, ಉತ್ತರ ಸಮುದ್ರದಲ್ಲಿ ಬ್ರಿಟಿಷ್ ಮತ್ತು ಜರ್ಮನ್ ನೌಕಾಪಡೆಗಳು ಎದುರಾದವು. ಸಂಜೆ 4 ಗಂಟೆಗೆ ಬ್ರಿಟಿಷ್ ಹಡಗು ಲಯನ್‌ನ ನಡುಭಾಗದ ಟರೆಟ್‌ಗೆ (ತೋಪುಗಳನ್ನು ಕೂರಿಸಿದ ಉಕ್ಕಿನ ಗೂಡಿಗೆ) ಜರ್ಮನ್ ಶೆಲ್, ಅಂದರೆ ಸಿಡಿಗುಂಡು ಒಂದು ಬಡಿಯಿತು. 4.02ಕ್ಕೆ ಅದೇ ಸಾಲಿನಲ್ಲಿದ್ದ ಇಂಡಿಫ್ಯಾಟಿಗಬಲ್ ಸಿಡಿದು ಮುಳುಗಿತು. ಸಾವಿರಕ್ಕೂ ಜಾಸ್ತಿ ಜನ ಸತ್ತರು, ಉಳಿದವರು ಇಬ್ಬರೇ. 4.26ಕ್ಕೆ ಕ್ವೀನ್ ಮೇರಿಯ ಸರದಿ. ಅದರಲ್ಲಿ 1,266 ಜನ ಹೋದರು. ಲಯನ್ ಮಾತ್ರ ಹೊಗೆಯುಗುಳುತ್ತಾ ತೇಲುತ್ತಲೇ ಇತ್ತು.

ಯಾಕೆ? ಹುಡುಕಹೊರಟವರಿಗೆ ಮೊದಲು ಸಿಗುವುದು ಒಬ್ಬ ವೀರನ ಕಥೆ. ಆ ಕಥೆ ನಿಜವೇ. ಆದರೆ ಅದು ಶೆಲ್ ಬಿದ್ದ ಮೇಲೆ ಶುರುವಾಗುತ್ತದೆ. ನನಗೆ ಅದಕ್ಕಿಂತ ಒಂದು ವರ್ಷ ಹಿಂದಿನಿಂದ ಶುರು ಮಾಡಬೇಕು ಅನಿಸುತ್ತದೆ. ಆಗ ಇದೇ ಹಡಗಿಗೆ ಹೊಸದಾಗಿ ಬಂದ ಗನ್ನರ್ (ತೋಪು-ಮದ್ದುಗಳ ಉಸ್ತುವಾರಿಯವ) ಒಬ್ಬ ಮದ್ದಿನ ಕೋಣೆಗೆ ಇಳಿದು ನೋಡಿ ಗಾಬರಿಯಾಗಿದ್ದ.

ಜಟ್ಲೆಂಡ್‌ನಲ್ಲಿ ಎರಡೂ ಕಡೆ ಸೇರಿ ಸುಮಾರು 250 ಹಡಗುಗಳಿದ್ದವು. ಗೆದ್ದವರು ಯಾರು ಎಂಬ ಜಗಳ ಇನ್ನೂ ಮುಗಿದಿಲ್ಲ. ಅದರ ಗೊಡವೆ ಇಲ್ಲಿ ಬೇಡ. ಒಂದು ಟರೆಟ್, 28 ನಿಮಿಷ, ಇಷ್ಟು ಸಾಕು.

ಟರೆಟ್‌ನ ಹೊಟ್ಟೆಯೊಳಗೆ

ಲಯನ್ ಸೇವೆಗೆ ಬಂದದ್ದು 1912ರಲ್ಲಿ. ಉದ್ದ 213 ಮೀಟರ್. ಜಾತಿಯಲ್ಲಿ ಅದು ಬ್ಯಾಟಲ್‌ಕ್ರೂಸರ್. ಎಂದರೆ ತೋಪು ದೊಡ್ಡ ಯುದ್ಧನೌಕೆಯದು, ವೇಗ ಕ್ರೂಸರ್ ಎಂಬ ಹಗುರ ಯುದ್ಧನೌಕೆಯದು. ಎರಡೂ ಬೇಕೆಂದರೆ ತೂಕ ಎಲ್ಲೋ ಒಂದು ಕಡೆ ಕಡಿಮೆ ಮಾಡಬೇಕಲ್ಲ? ಕಡಿಮೆ ಮಾಡಿದ್ದು ಉಕ್ಕಿನ ಕವಚದಲ್ಲಿ. ಪಕ್ಕದ ಕವಚ ಅತಿ ದಪ್ಪವಿದ್ದಲ್ಲಿ 9 ಇಂಚು. ಟರೆಟ್‌ನ ಮುಖಕ್ಕೂ 9 ಇಂಚು. ಟರೆಟ್‌ನ ಚಾವಣಿಯಂತೂ ಮೂರು ಇಂಚಿನ ಆಸುಪಾಸು.

ತೋಪುಗಳು ಎಂಟು. ಎರಡೆರಡರಂತೆ ನಾಲ್ಕು ಟರೆಟ್: ಮುಂದೆ ಎ ಮತ್ತು ಬಿ, ನಡುವೆ ಕ್ಯೂ, ಹಿಂದೆ ಎಕ್ಸ್. ತೋಪಿನ ಬಾಯಿ 13.5 ಇಂಚು ಅಗಲ. ಒಂದು ಶೆಲ್‌ನ ತೂಕ 567 ಕೆಜಿ.

ಇಷ್ಟು ಭಾರವನ್ನು ಹದಿನೈದು ಕಿಲೋಮೀಟರ್ ಆಚೆ ಎಸೆಯಲು ಹಿಂದಿನಿಂದ ತಳ್ಳುವ ಮದ್ದು ಬೇಕು. ಅದೇ ಕಾರ್ಡೈಟ್. ನೈಟ್ರೊಸೆಲ್ಯುಲೋಸ್, ನೈಟ್ರೊಗ್ಲಿಸರಿನ್, ಜೊತೆಗೆ ಸ್ವಲ್ಪ ವ್ಯಾಸಲೀನ್ ಸೇರಿಸಿ ಕಲಸಿದ ಹಿಟ್ಟನ್ನು ಶಾವಿಗೆ ಒತ್ತಿದ ಹಾಗೆ ಒತ್ತಿ ಎಳೆ ತೆಗೆಯುತ್ತಾರೆ. ಹಗ್ಗದಂತೆ ಕಾಣುವುದರಿಂದಲೇ ಆ ಹೆಸರು. (ನೀಲಗಿರಿಯ ಪುಟ್ಟ ರೈಲಿನಲ್ಲಿ ಕೂನೂರಿನಿಂದ ಊಟಿಗೆ ಹೋಗುವಾಗ ಅರುವಂಕಾಡು ಅನ್ನುವ ನಿಲ್ದಾಣ ಸಿಗುತ್ತದೆ. ಅಲ್ಲಿನ ಕಾರ್ಡೈಟ್ ಕಾರ್ಖಾನೆಯನ್ನು ಬ್ರಿಟಿಷರು ಇದೇ ಕಾಲದಲ್ಲಿ, 1900ರ ದಶಕದ ಮೊದಲ ವರ್ಷಗಳಲ್ಲಿ ಕಟ್ಟಿದ್ದು.)

ಒಂದು ಸಲ ತೋಪು ಹಾರಿಸಲು ಸುಮಾರು 130 ಕೆಜಿ ಕಾರ್ಡೈಟ್ ಬೇಕಿತ್ತು. ಅದನ್ನು ನಾಲ್ಕು ರೇಷ್ಮೆ ಚೀಲಗಳಲ್ಲಿ ತುಂಬಿಡುತ್ತಿದ್ದರು. ರೇಷ್ಮೆಯೇ ಯಾಕೆ ಅಂದರೆ ಅದು ಪೂರ್ತಿ ಉರಿದುಹೋಗುತ್ತದೆ. ಕೆಂಡವಾಗಿ ತೋಪಿನೊಳಗೆ ಉಳಿದು ಮುಂದಿನ ಚೀಲಕ್ಕೆ ಬೆಂಕಿ ಹಚ್ಚುವುದಿಲ್ಲ. ಚೀಲದ ತುದಿಯಲ್ಲಿ ಬೇಗ ಹೊತ್ತಿಕೊಳ್ಳಲೆಂದು ಹಳೇ ಕಾಲದ ಕರಿಮದ್ದು ಇರುತ್ತಿತ್ತು. ತೋಪಿನೊಳಗೆ ಇದೆಲ್ಲ ಒಳ್ಳೆಯದೇ. ತೋಪಿನ ಹೊರಗಿದ್ದಾಗ? ಬೆಂಕಿಗೂ ಕಾರ್ಡೈಟಿಗೂ ನಡುವೆ ಇರುವುದು ಒಂದು ಪದರ ಬಟ್ಟೆ.

ಜರ್ಮನರದು ಬೇರೆ ದಾರಿ. ಕ್ರುಪ್ ಕಂಪನಿಯ ತೋಪಿನ ಹಿಂಬಾಗಿಲು ಅಡ್ಡಕ್ಕೆ ಜಾರುವ ಬೆಣೆ. ಆ ಸಂದಿಯಿಂದ ಅನಿಲ ಸೋರದಂತೆ ತಡೆಯಲು ಹಿತ್ತಾಳೆಯ ಕೋಶ ಬೇಕೇ ಬೇಕು. ಹಾಗಾಗಿ ಅವರ ಮುಖ್ಯ ಮದ್ದು ಹಿತ್ತಾಳೆ ಕೋಶದೊಳಗೆ ಇರುತ್ತಿತ್ತು. ಅದರ ಮುಂದೆ ಹೋಗುವ ಸಣ್ಣ ಭಾಗ ಮಾತ್ರ ಚೀಲದಲ್ಲಿ. ಬ್ರಿಟಿಷ್ ತೋಪಿನದು ತಿರುಪು ಹಾಕಿ ಮುಚ್ಚುವ ಬಾಗಿಲು, ಅದಕ್ಕೆ ಕೋಶದ ಹಂಗಿರಲಿಲ್ಲ. ಜರ್ಮನರು ಸುರಕ್ಷತೆಯನ್ನು ಯೋಚಿಸಿ ಹಿತ್ತಾಳೆ ಆರಿಸಿಕೊಂಡರು ಅಂತ ಕೆಲವರು ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬಾಗಿಲಿನ ವಿನ್ಯಾಸ ಕೋಶ ಕೇಳಿತು, ಕೋಶ ಬಂತು, ಅದರ ಹಿಂದೆ ಸುರಕ್ಷತೆ ಪುಕ್ಕಟೆಯಾಗಿ ಬಂತು.

ಇನ್ನು ಟರೆಟ್. ಹೊರಗೆ ಕಾಣುವ ಉಕ್ಕಿನ ಡಬ್ಬಿ ಅದರ ತಲೆ ಮಾತ್ರ. ಕೆಳಗೆ ಹಡಗಿನ ತಳದವರೆಗೆ ಬಾವಿಯಂಥ ಕೊಳವೆ ಇಳಿಯುತ್ತದೆ. ಮೇಲೆ ತೋಪಿನ ಕೋಣೆ, ಅದರ ಕೆಳಗೆ ಕೆಲಸದ ಕೋಣೆ, ನಂತರ ಪಂಜರದಂಥ ಲಿಫ್ಟ್‌ಗಳು ಓಡಾಡುವ ಕೊಳವೆ. ತಳದಲ್ಲಿ ಮದ್ದಿನ ಕೋಣೆ ಮತ್ತು ಶೆಲ್ ಕೋಣೆ. ಮದ್ದಿನ ಕೋಣೆಯ ಬಾಗಿಲಾಚೆ ಒಂದು ಸಣ್ಣ ಜಾಗ. ಅಲ್ಲಿ ನಿಂತವರು ಚೀಲಗಳನ್ನು ಕೈಯಿಂದ ಕೈಗೆ ದಾಟಿಸಿ ಲಿಫ್ಟ್‌ಗೆ ಹಾಕುತ್ತಾರೆ. ಒಂದು ಟರೆಟ್‌ಗೆ ಎಪ್ಪತ್ತರಷ್ಟು ಜನ.

ನಮ್ಮ ಶ್ರೀರಂಗಪಟ್ಟಣದ ಮದ್ದಿನ ಮನೆಗಳನ್ನು ನೋಡಿದವರಿಗೆ ಗೊತ್ತು. ದಪ್ಪ ಗೋಡೆ, ನೆಲದೊಳಗೆ ಅರ್ಧ ಹುದುಗಿದ ಕಟ್ಟಡ. ಮದ್ದು ಒಂದು ಕಡೆ, ತೋಪು ಇನ್ನೊಂದು ಕಡೆ. ಹಡಗಿನಲ್ಲಿ ಆ ಭಾಗ್ಯವಿಲ್ಲ. ಮದ್ದಿನ ಕೋಣೆಗೂ ತೋಪಿಗೂ ನೇರ ಕೊಳವೆ ಇರಲೇಬೇಕು. ಆ ಕೊಳವೆಯಲ್ಲಿ ಮದ್ದು ಮೇಲೆ ಹೋಗಬಹುದಾದರೆ ಬೆಂಕಿ ಕೆಳಗೆ ಬರಬಹುದು.

ಮೊದಲೇ ಬಂದಿದ್ದ ಎಚ್ಚರಿಕೆ

ಬಂದದ್ದು ಒಂದಲ್ಲ. 1914ರ ಡಿಸೆಂಬರ್ 8ರಂದು ಫಾಕ್‌ಲ್ಯಾಂಡ್ ದ್ವೀಪಗಳ ಹತ್ತಿರ ಕೆಂಟ್ ಎಂಬ ಬ್ರಿಟಿಷ್ ಕ್ರೂಸರ್‌ಗೆ ಶೆಲ್ ಬಿದ್ದು ಮದ್ದಿನ ಚೀಲಗಳಿಗೆ ಬೆಂಕಿ ಹತ್ತಿತು. ಜ್ವಾಲೆ ಮದ್ದು ಸಾಗಿಸುವ ಕೊಳವೆಯಲ್ಲಿ ಇಳಿಯಿತು. ಚಾರ್ಲ್ಸ್ ಮೇಯ್ಸ್ ಎಂಬ ಸಾರ್ಜೆಂಟ್ ಹತ್ತಿರದ ಚೀಲವನ್ನು ಆಚೆ ಎಸೆದು ನೀರು ಹರಿಸಿದ. ಹಡಗು ಉಳಿಯಿತು, ಆತನಿಗೆ ಪದಕ ಬಂತು. ಅಲ್ಲಿಗೆ ಆ ವಿಷಯ ಮುಗಿಯಿತು.

ದೊಡ್ಡ ಎಚ್ಚರಿಕೆ ಶತ್ರುವಿಗೆ ಸಿಕ್ಕಿತು. ಕೊಟ್ಟದ್ದು ಲಯನ್ನೇ! 1915ರ ಜನವರಿ 24ರಂದು ಡಾಗರ್ ಬ್ಯಾಂಕ್ ಕಾಳಗದಲ್ಲಿ ಲಯನ್‌ನ ಶೆಲ್ ಒಂದು ಜರ್ಮನ್ ಹಡಗು ಸೈಡ್ಲಿಟ್ಜ್‌ನ ಹಿಂದಿನ ಟರೆಟ್‌ನ ಬುಡಕ್ಕೆ ಬಡಿಯಿತು. ಬೆಂಕಿ ಕೆಳಗಿಳಿಯಿತು. ಕೆಳಗಿದ್ದವರು ಪಕ್ಕದ ಟರೆಟ್‌ಗೆ ಹೋಗುವ ಬಾಗಿಲು ತೆರೆದು ಓಡಲು ನೋಡಿದರು. ಬೆಂಕಿ ಅವರ ಜೊತೆಯಲ್ಲೇ ಅಲ್ಲಿಗೂ ನುಗ್ಗಿತು. 62 ಚಾರ್ಜ್ (ಒಂದು ಹೊಡೆತಕ್ಕೆ ಬೇಕಾದ ಮದ್ದು ಒಂದು ಚಾರ್ಜ್), ಸುಮಾರು 6 ಟನ್ ಮದ್ದು ಉರಿದುಹೋಯಿತು. ಸತ್ತವರು 159. ವಿಲ್‌ಹೆಲ್ಮ್ ಹೈಡ್‌ಕಾಂಪ್ ಎಂಬ ನಾವಿಕ ಕಾದು ಕೆಂಪಾಗಿದ್ದ ವಾಲ್ವ್‌ಗಳನ್ನು ಬರಿಗೈಯಲ್ಲಿ ತಿರುಗಿಸಿ ಮದ್ದಿನ ಕೋಣೆಗೆ ನೀರು ಬಿಟ್ಟ. ಹಡಗು ಸಿಡಿಯಲಿಲ್ಲ. ಅಷ್ಟು ಮದ್ದು ಭುಗಿಲೆಂದು ಉರಿಯಿತೇ ಹೊರತು ಸ್ಫೋಟಿಸಲಿಲ್ಲ ಅನ್ನುವುದನ್ನು ನೆನಪಿಡಿ. ಜರ್ಮನ್ ಮದ್ದಿನ ಗುಣವೂ ಹಿತ್ತಾಳೆ ಕೋಶವೂ ಅಲ್ಲಿ ಕೆಲಸ ಮಾಡಿದ್ದವು.

ಜರ್ಮನರು ಬಂದರಿಗೆ ಮರಳಿ ಪಾಠ ಕಲಿತರು. ಕೈಗೆ ಬೇಕಾದಷ್ಟೇ ಮದ್ದು ಹೊರಗಿರಲಿ, ಬಾಗಿಲುಗಳು ಮುಚ್ಚಿರಲಿ ಎಂದರು.

ಬ್ರಿಟಿಷರು ಅದೇ ಕಾಳಗದಿಂದ ಬೇರೆ ಪಾಠ ಕಲಿತರು. ನಾವು ಸಾಕಷ್ಟು ಬೇಗ ಹಾರಿಸಲಿಲ್ಲ, ಇನ್ನೂ ಬೇಗ ಹಾರಿಸಬೇಕು ಎಂದು. ಬ್ಯಾಟಲ್‌ಕ್ರೂಸರ್ ಪಡೆಯ ಮುಖ್ಯಸ್ಥ ಡೇವಿಡ್ ಬೀಟಿಯ ಹಡಗುಗಳು ಸ್ಕಾಟ್ಲೆಂಡಿನ ರೋಸೈತ್‌ನಲ್ಲಿ ಇರುತ್ತಿದ್ದವು. ಅಲ್ಲಿ ಗುರಿ ಅಭ್ಯಾಸಕ್ಕೆ ಸರಿಯಾದ ಜಾಗವಿರಲಿಲ್ಲ. ಗುರಿಯಲ್ಲಿ ಕೊರತೆಯಾದದ್ದನ್ನು ವೇಗದಲ್ಲಿ ತುಂಬಿಸೋಣ ಅನ್ನುವ ಲೆಕ್ಕಾಚಾರ ಬೆಳೆಯಿತು. ಬೇಗ ಹಾರಿಸಲು ಮದ್ದು ಬೇಗ ಬೇಕು. ಹಾಗಾಗಿ ಮದ್ದಿನ ಕೋಣೆಯ ಬಾಗಿಲು ಕಾಳಗ ಮುಗಿಯುವ ತನಕ ತೆರೆದೇ ಇರುತ್ತಿತ್ತು. ಮದ್ದಿನ ಚೀಲಗಳಿದ್ದ ಡಬ್ಬಗಳ ಮುಚ್ಚಳ ಮೊದಲೇ ತೆಗೆದಿಡುತ್ತಿದ್ದರು. ಚೀಲಗಳನ್ನು ಬಾಗಿಲಾಚೆ ಪೇರಿಸಿಡುತ್ತಿದ್ದರು. ಯಾರೂ ಇದನ್ನು ತಪ್ಪು ಅಂದುಕೊಂಡಿರಲಿಲ್ಲ. ಚುರುಕುತನ ಅಂದುಕೊಂಡಿದ್ದರು.

1915ರಲ್ಲಿ ಅಲೆಕ್ಸಾಂಡರ್ ಗ್ರಾಂಟ್ ಎಂಬ ಚೀಫ್ ಗನ್ನರ್ ಲಯನ್‌ಗೆ ಬಂದ. ದೊಡ್ಡ ಅಧಿಕಾರಿಯಲ್ಲ, ಕೆಳಗಿನಿಂದ ಮೇಲೆ ಬಂದ ಮನುಷ್ಯ. ಮದ್ದಿನ ಕೋಣೆಯ ಸ್ಥಿತಿ ಕಂಡು ನಿಯಮ ತಂದ. ತೀರಾ ಬೇಕಾದಷ್ಟೇ ಡಬ್ಬಗಳ ಮುಚ್ಚಳ ತೆಗೆಯಬೇಕು. ಬಾಗಿಲಾಚೆ ಒಂದು ಹೊಡೆತಕ್ಕೆ ಆಗುವಷ್ಟು ಮದ್ದು ಮಾತ್ರ ಇರಬೇಕು. ಹಾರಿಸುವುದು ನಿಂತರೆ ಬಾಗಿಲು ಮುಚ್ಚಬೇಕು. ವೇಗ ಕಡಿಮೆಯಾಗುತ್ತದಲ್ಲ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಹೀಗೆ ಮಾಡಿದರೂ ತೋಪಿಗೆ ಬೇಕಾದ ಹೊತ್ತಿಗೆ ಮದ್ದು ಮೇಲೆ ತಲುಪುತ್ತದೆ ಎಂದು ಆತ ಮಾಡಿ ತೋರಿಸಿದ. ಲಯನ್‌ನಲ್ಲಿ ಅದು ರೂಢಿಯಾಯಿತು. ಬೇರೆ ಹಡಗುಗಳಲ್ಲಿ ಹಳೇ ರೂಢಿ ಹಾಗೇ ಇತ್ತು.

ಇದರ ನಡುವೆ ಬುಲ್ವಾರ್ಕ್ (1914ರ ನವೆಂಬರ್) ಮತ್ತು ನೇಟಾಲ್ (1915ರ ಡಿಸೆಂಬರ್) ಎಂಬ ಎರಡು ಬ್ರಿಟಿಷ್ ಹಡಗುಗಳು ಬಂದರಿನಲ್ಲಿ ನಿಂತಲ್ಲೇ ಸಿಡಿದಿದ್ದವು. ಶತ್ರು ಅಕ್ಕಪಕ್ಕದಲ್ಲೂ ಇರಲಿಲ್ಲ. ಕಾರ್ಡೈಟ್ ಎಂಥದ್ದು ಅಂತ ತಿಳಿಯಲು ಇನ್ನೇನು ಬೇಕಿತ್ತೋ.

ಆ ಮಧ್ಯಾಹ್ನ

3.48ಕ್ಕೆ ಗುಂಡಿನ ಸುರಿಮಳೆ ಶುರುವಾಯಿತು. ಬೀಟಿಯ ಕಡೆ ಆರು ಬ್ಯಾಟಲ್‌ಕ್ರೂಸರ್, ಜರ್ಮನ್ ಅಡ್ಮಿರಲ್ ಹಿಪ್ಪರ್ ಕಡೆ ಐದು. ಲಯನ್‌ಗೆ ಎದುರಾದದ್ದು ಹಿಪ್ಪರ್‌ನ ಸ್ವಂತ ಹಡಗು ಲ್ಯುಟ್ಸೋವ್. ಅದರ ತೋಪು 30.5 ಸೆಂಟಿಮೀಟರ್, ಶೆಲ್ 405 ಕೆಜಿ. ಲಯನ್‌ನ ಶೆಲ್‌ಗಿಂತ ಹಗುರ.

ಭಾರ ಜಾಸ್ತಿಯಿದ್ದರೆ ಸಾಕೇ, ತಾಗಬೇಕಲ್ಲ. ದೂರ ಅಳೆಯಲು ಲಯನ್‌ನಲ್ಲಿದ್ದದ್ದು ಬಾರ್ ಅಂಡ್ ಸ್ಟ್ರೌಡ್ ಕಂಪನಿಯ 9 ಅಡಿಯ ರೇಂಜ್‌ಫೈಂಡರ್. ಎರಡಾಗಿ ಕಾಣುವ ಚಿತ್ರವನ್ನು ಒಂದಕ್ಕೊಂದು ಕೂಡಿಸಿ ದೂರ ಓದುವ ಯಂತ್ರ. ಜರ್ಮನರದು ಜೈಸ್ ಕಂಪನಿಯದು. ಎರಡೂ ಕಣ್ಣಿನಿಂದ ಆಳವನ್ನು ಗುರುತಿಸುವ ಬಗೆ. ಮಬ್ಬಿನಲ್ಲಿ, ಹೊಗೆಯಲ್ಲಿ ಹಡಗಿನ ಗೆರೆ ಸರಿಯಾಗಿ ಕಾಣದಿದ್ದರೂ ಅದು ಬೇಗ ದೂರ ಹೇಳುತ್ತಿತ್ತು. ಅವತ್ತು ಬೆಳಕೂ ಬೀಟಿಗೆ ವಿರೋಧ. ಪಶ್ಚಿಮದ ಬೆಳಕು ತುಂಬಿದ ಆಕಾಶದ ಎದುರು ಬ್ರಿಟಿಷ್ ಹಡಗುಗಳು ಎದ್ದು ಕಾಣುತ್ತಿದ್ದವು, ಜರ್ಮನ್ ಹಡಗುಗಳು ಪೂರ್ವದ ಮಂಜಿನಲ್ಲಿ ಅಡಗಿದ್ದವು. ಗಾಳಿ ಬ್ರಿಟಿಷರ ಹೊಗೆಯನ್ನು ಅವರ ಗುರಿಗೇ ಅಡ್ಡ ತರುತ್ತಿತ್ತು. ಅವರು ದೂರವನ್ನು ಇದ್ದದ್ದಕ್ಕಿಂತ ಜಾಸ್ತಿ ಅಳೆದರು. ಮೊದಲ ಹೊಡೆತಗಳು ಜರ್ಮನ್ ಹಡಗುಗಳನ್ನು ದಾಟಿ ಎಷ್ಟೋ ಆಚೆ ಬಿದ್ದವು. ಅದರ ಮೇಲೆ ಯಾರು ಯಾರಿಗೆ ಹೊಡೆಯಬೇಕು ಅನ್ನುವ ಗೊಂದಲ ಬೇರೆ. ಡೆರ್ಫ್ಲಿಂಗರ್ ಎಂಬ ಹಡಗಿಗೆ ಸುಮಾರು ಹತ್ತು ನಿಮಿಷ ಯಾರೂ ಹೊಡೆಯಲೇ ಇಲ್ಲ. ಅದು ಆರಾಮಾಗಿ ಗುರಿ ಕಟ್ಟಿತು.

4 ಗಂಟೆಗೆ ಲ್ಯುಟ್ಸೋವ್‌ನ ಶೆಲ್ ಕ್ಯೂ ಟರೆಟ್‌ನ ಎಡ ತೋಪಿನ ಕಿಂಡಿಯ ಮೇಲ್ತುದಿಗೆ ಬಡಿಯಿತು. ಮುಖದ ತಗಡೂ ಚಾವಣಿಯ ತಗಡೂ ಸೇರುವ ಜಾಗ ಅದು. ಸಂದಿಯಲ್ಲಿ ತೂರಿ ಒಳಗೆ ಸಿಡಿಯಿತು. ಚಾವಣಿಯ ಮುಂದಿನ ತಗಡು ಡಬ್ಬಿ ಮುಚ್ಚಳದಂತೆ ಹಾರಿಹೋಯಿತು. ತೋಪಿನ ಕೋಣೆಯಲ್ಲಿದ್ದ ಪ್ರತಿಯೊಬ್ಬರೂ ಸತ್ತರು, ಇಲ್ಲವೇ ಗಾಯಗೊಂಡರು.

ಕ್ಯೂ ಟರೆಟ್ ರಾಯಲ್ ಮರೀನ್ ಸೈನಿಕರದು. ಅದರ ಮುಖ್ಯಸ್ಥ ಮೇಜರ್ ಫ್ರಾನ್ಸಿಸ್ ಹಾರ್ವೆ ಸಾಯುವ ಸ್ಥಿತಿಯಲ್ಲಿದ್ದ. ಮಾತು ಕೇಳಿಸುವ ಕೊಳವೆಯಲ್ಲಿ ಕೆಳಗಿನವರಿಗೆ ಹೇಳಿದ: ಬಾಗಿಲು ಮುಚ್ಚಿ, ಮದ್ದಿನ ಕೋಣೆಗೆ ನೀರು ಬಿಡಿ. ಗಾಯಗೊಂಡಿದ್ದ ಸಾರ್ಜೆಂಟ್ ಒಬ್ಬನನ್ನು ಮೇಲೆ ಕ್ಯಾಪ್ಟನ್ ಚಾಟ್‌ಫೀಲ್ಡ್‌ಗೆ ವರದಿ ಕೊಡಲು ಕಳಿಸಿದ. ಸ್ವಲ್ಪ ಹೊತ್ತಿಗೆ ಜೀವ ಬಿಟ್ಟ.

ಬೆಂಕಿ ಆರಿಸುವವರು ನೀರು ಹಾಯಿಸಿದರು. ಆರಿತು ಅಂದುಕೊಂಡರು. ಆರಿರಲಿಲ್ಲ. ಒಳಗೆಲ್ಲೋ ಕುದಿಯುತ್ತಿತ್ತು.

4.26ಕ್ಕೆ, ಲಯನ್‌ನ ಹಿಂದೆ ಸಾಲಿನಲ್ಲಿದ್ದ ಕ್ವೀನ್ ಮೇರಿ ಸಿಡಿಯಿತು. ನಮ್ಮ ಹಾಳು ಹಡಗುಗಳಿಗೆ ಇವತ್ತು ಏನೋ ಆಗಿದೆ ಎಂದು ಬೀಟಿ ಪಕ್ಕದಲ್ಲಿದ್ದ ಚಾಟ್‌ಫೀಲ್ಡ್‌ಗೆ ಹೇಳಿದ ಮಾತು ಈ ಹೊತ್ತಿನದೇ. ಅದಾಗಿ ಎರಡು ನಿಮಿಷಕ್ಕೆ ಅವರ ಕಾಲ ಕೆಳಗಿನ ಹಡಗಿನಲ್ಲೇ ಕ್ಯೂ ಟರೆಟ್ ಮತ್ತೆ ಭುಗಿಲೆದ್ದಿತು.

ಟರೆಟ್‌ನ ಮೇಲ್ಭಾಗದಲ್ಲೂ ಲಿಫ್ಟ್‌ನ ಪಂಜರಗಳಲ್ಲೂ ಉಳಿದಿದ್ದ ಚಾರ್ಜ್‌ಗಳಿಗೆ ಕಿಡಿ ತಾಗಿತ್ತು. ಜ್ವಾಲೆ ಮೇಲೆ ಕೂವೆಯ (ಹಡಗಿನ ಎತ್ತರದ ಕಂಬದ) ಎತ್ತರಕ್ಕೆ ಚಿಮ್ಮಿತು, ಕೆಳಗೆ ಕೊಳವೆಯ ತಳದವರೆಗೂ ಇಳಿಯಿತು. ಮದ್ದಿನ ಕೋಣೆ ಮತ್ತು ಶೆಲ್ ಕೋಣೆಯ ಸಿಬ್ಬಂದಿ ಅಲ್ಲೇ, ತಮ್ಮ ತಮ್ಮ ಜಾಗದಲ್ಲೇ ಸತ್ತರು. ಆಮೇಲೆ ಪರೀಕ್ಷೆ ಮಾಡಿದಾಗ ಮದ್ದಿನ ಕೋಣೆಯ ಉಕ್ಕಿನ ಗೋಡೆಗಳು ಒಳಕ್ಕೆ ಉಬ್ಬಿ ಬಾಗಿದ್ದವು. ಆದರೆ ಬಿರಿದಿರಲಿಲ್ಲ. ಹಿಂದೆ ನೀರು ತುಂಬಿತ್ತು, ಅದು ಆನಿಸಿ ಹಿಡಿದಿತ್ತು.

ಹಾಗಾದರೆ ಉಳಿಸಿದ್ದು ಯಾರು?

ಹಾರ್ವೆಗೆ ಮರಣೋತ್ತರವಾಗಿ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಹಡಗನ್ನು ಉಳಿಸಿದ ಎಂದೇ ಅದರ ಬರಹದಲ್ಲಿದೆ. ಅದರಲ್ಲಿ ಸಂಶಯವಿಲ್ಲ. ನೀರು ಇಲ್ಲದಿದ್ದರೆ ಆ ಗೋಡೆ ನಿಲ್ಲುತ್ತಿರಲಿಲ್ಲ.

ಆದರೆ ಸಮಯ ನೋಡಿ. ನೀರು ತುಂಬಲು ಹಲವು ನಿಮಿಷ ಬೇಕು. ಹಾರ್ವೆಯ ಆದೇಶ ಫಲ ಕೊಟ್ಟದ್ದು ಬೆಂಕಿ 28 ನಿಮಿಷ ತಡ ಮಾಡಿದ್ದರಿಂದ. ಬೆಂಕಿ ಯಾಕೆ ತಡ ಮಾಡಿತು? ಒಂದಷ್ಟು ಅದೃಷ್ಟ, ಒಪ್ಪೋಣ. ಆದರೆ ಶೆಲ್ ಬಿದ್ದ ಕ್ಷಣದಲ್ಲಿ ಬಾಗಿಲಾಚೆ ಚೀಲಗಳ ರಾಶಿ ಇರಲಿಲ್ಲ. ಕೊಳವೆಯ ಉದ್ದಕ್ಕೂ ಇದ್ದ ಚಾರ್ಜ್ ಬೆರಳಲ್ಲಿ ಎಣಿಸುವಷ್ಟು. ಅಷ್ಟಕ್ಕೇ ಜ್ವಾಲೆ ಕೂವೆ ಮುಟ್ಟಿತು, ಗೋಡೆ ಬಾಗಿತು. ತಳದಲ್ಲಿ ಹಳೇ ರೂಢಿಯಂತೆ ಚೀಲ ಪೇರಿಸಿ, ಮುಚ್ಚಳ ತೆಗೆದ ಡಬ್ಬಗಳನ್ನು ಸಾಲಾಗಿಟ್ಟು, ಬಾಗಿಲು ತೆರೆದಿಟ್ಟಿದ್ದರೆ ಹಾರ್ವೆಗೆ ಬಾಯಿ ತೆರೆಯುವಷ್ಟೂ ಪುರುಸೊತ್ತು ಸಿಗುತ್ತಿರಲಿಲ್ಲ. ಗ್ರಾಂಟ್‌ನ ನಿಯಮ ಸಮಯ ಕೊಟ್ಟಿತು, ಹಾರ್ವೆ ಆ ಸಮಯವನ್ನು ಬಳಸಿಕೊಂಡ. ಒಬ್ಬನ ಹೆಸರು ಎಲ್ಲರಿಗೂ ಗೊತ್ತು. ಇನ್ನೊಬ್ಬನದು ಈ ವಿಷಯ ಕೆದಕಿದವರಿಗೆ ಮಾತ್ರ.

ಇದಕ್ಕೆ ಒಂದು ಆಕ್ಷೇಪ ಇದೆ. ಕವಚ ತೆಳ್ಳಗಿದ್ದದ್ದೇ ಮೂಲ ತಪ್ಪಲ್ಲವೇ? ಇಂಡಿಫ್ಯಾಟಿಗಬಲ್‌ನ ವಿಷಯದಲ್ಲಿ ಅದನ್ನು ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ. ಆದರೆ ಅದೇ ದಿನ ಜರ್ಮನ್ ಹಡಗುಗಳ ಟರೆಟ್‌ಗಳೂ ತೂತಾದವು. ಡೆರ್ಫ್ಲಿಂಗರ್‌ನ ಹಿಂದಿನ ಎರಡು ಟರೆಟ್ ಪೂರ್ತಿ ಸುಟ್ಟುಹೋದವು. ಹಡಗು ಸಿಡಿಯಲಿಲ್ಲ. ಕವಚ ತೂತಾಗುವುದು ಒಂದು, ತೂತಾದ ಮೇಲೆ ಒಳಗೆ ಏನು ಹರಡಿಕೊಂಡಿತ್ತು ಅನ್ನುವುದು ಇನ್ನೊಂದು.

ಸಂಜೆ 6.30 ದಾಟುತ್ತಿದ್ದಂತೆ ಇನ್ವಿನ್ಸಿಬಲ್ ಎಂಬ ಬ್ರಿಟಿಷ್ ಬ್ಯಾಟಲ್‌ಕ್ರೂಸರ್ ಕೂಡ ಹೋಯಿತು. ಅಲ್ಲೂ ಏಟು ಬಿದ್ದದ್ದು ಕ್ಯೂ ಟರೆಟ್‌ಗೆ. 1,026 ಸಾವು, ಉಳಿದವರು ಆರು. ಆ ಹಡಗಿನ ದಳವನ್ನು ಕೆಲವೇ ದಿನ ಹಿಂದೆ ಗುರಿ ಅಭ್ಯಾಸಕ್ಕೆಂದು ಸ್ಕಾಟ್ಲೆಂಡಿನ ಉತ್ತರದ ನೌಕಾನೆಲೆ ಸ್ಕಾಪಾ ಫ್ಲೋಗೆ ಕಳಿಸಿದ್ದರು. ಅವತ್ತು ಅದರ ಗುರಿ ಬಹಳ ಚೆನ್ನಾಗಿತ್ತು. ಲ್ಯುಟ್ಸೋವ್ ಮಾರನೇ ದಿನ ಮುಳುಗಲು ಅದರ ಹೊಡೆತಗಳೂ ಕಾರಣ. ಅಂದರೆ ಗುರಿ ಕಲಿತಿದ್ದ ಹಡಗೂ ಉಳಿಯಲಿಲ್ಲ.

ನಂತರದ ವಿಚಾರಣೆಯ ಕಥೆ ನನಗೆ ಸ್ವಲ್ಪ ಕಸಿವಿಸಿ ಮಾಡುತ್ತದೆ. ನೌಕಾಪಡೆಯ ಹಡಗು ನಿರ್ಮಾಣ ವಿಭಾಗದ ಮುಖ್ಯಸ್ಥ ಯೂಸ್ಟಸ್ ಟೆನಿಸನ್ ಡೀನ್‌ಕೋರ್ಟ್ ಕಾರ್ಡೈಟನ್ನು ನಿರ್ವಹಿಸಿದ ರೀತಿಯೇ ಕಾರಣ ಎಂದು ವಾದಿಸಿದ. ಹಡಗು ಕಟ್ಟಿಸುವ ವಿಭಾಗದವನು ಕವಚದ ಮೇಲೆ ತಪ್ಪು ಬರದಂತೆ ನೋಡಿಕೊಳ್ಳುವುದು ಸಹಜ, ನಿಜ. ಬೀಟಿ ಮತ್ತು ಮಹಾದಂಡನಾಯಕ ಜೆಲ್ಲಿಕೋಗೆ ಆ ಮಾತು ಹಿಡಿಸಲಿಲ್ಲ. ಕವಚ ಅಂದರೆ ತಪ್ಪು ಕಾರ್ಖಾನೆಯದು. ಮದ್ದಿನ ಬಾಗಿಲು ಅಂದರೆ ತಪ್ಪು ತಮ್ಮ ಹಡಗಿನದು, ಸತ್ತವರದು ಕೂಡ. ಅದೇ ವರ್ಷದ ಕೊನೆಗೆ ಬೀಟಿ ಇಡೀ ಪಡೆಯ ಮುಖ್ಯಸ್ಥನಾದ, ಜೆಲ್ಲಿಕೋ ನೌಕಾಪಡೆಯ ಅತ್ಯುನ್ನತ ಹುದ್ದೆಗೆ ಹೋದ. ಆ ಮೇಲೆ ಯಾವ ವಿವರಣೆ ಮುಂದೆ ಬಂತು, ಯಾವುದು ಕಪಾಟು ಸೇರಿತು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಕೆಲಸದಲ್ಲಿ ಮಾತ್ರ ಎರಡನ್ನೂ ಮಾಡಿದರು. ಮದ್ದಿನ ಕೋಣೆಗಳ ಮೇಲೆ ಹೆಚ್ಚಿನ ಉಕ್ಕಿನ ಹಾಳೆ ಹಾಕಿದರು. ಜ್ವಾಲೆ ದಾಟದಂತೆ ಕಿಂಡಿಗಳನ್ನೂ ಬಾಗಿಲುಗಳನ್ನೂ ಬದಲಿಸಿದರು. ಬಾಗಿಲಾಚೆ ಚೀಲ ಪೇರಿಸುವುದು ನಿಂತಿತು. ಕಾರ್ಡೈಟಿನ ಸ್ವಭಾವ ಮಾತ್ರ ಹಾಗೇ ಉಳಿಯಿತು. 1917ರ ಜುಲೈ 9ರ ರಾತ್ರಿ ಸ್ಕಾಪಾ ಫ್ಲೋದಲ್ಲಿ ಲಂಗರು ಹಾಕಿದ್ದ ವ್ಯಾನ್‌ಗಾರ್ಡ್ ಎಂಬ ಬ್ರಿಟಿಷ್ ಯುದ್ಧನೌಕೆ ಒಳಗಿನಿಂದಲೇ ಸಿಡಿದು 800ಕ್ಕೂ ಹೆಚ್ಚು ಜನ ಸತ್ತರು.

ಲಯನ್ ಆ ದಿನ 14 ಏಟು ತಿಂದಿತ್ತು. ಸತ್ತವರು 99 ಜನ. ಅವರಲ್ಲಿ ಹೆಚ್ಚಿನವರು ಕ್ಯೂ ಟರೆಟ್‌ನವರು. ಹಾರ್ವೆಯನ್ನೂ ಉಳಿದವರನ್ನೂ ಸಮುದ್ರಕ್ಕೇ ಒಪ್ಪಿಸಿದರು. ಬಂದರಿನಲ್ಲಿ ಸುಟ್ಟ ಟರೆಟನ್ನು ಕಿತ್ತು ತೆಗೆದರು. ಹೊಸದು ಸಿದ್ಧವಾಗಿರಲಿಲ್ಲ, ಕಾಯಲು ಪುರುಸೊತ್ತಿರಲಿಲ್ಲ. ಜುಲೈನಲ್ಲಿ ಲಯನ್ ಮತ್ತೆ ಕಡಲಿಗೆ ಇಳಿದಾಗ ನಡುವಿನ ಆ ಜಾಗ ಖಾಲಿಯಿತ್ತು. ಆರು ತೋಪುಗಳಲ್ಲೇ ಹೋಯಿತು.